ಎರಡು ಬೇಸಿನ್, ಮೂರು ಭಾನುವಾರ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಗೆ, ಅವರ ಮಗಳಿಗೆ, ನಮ್ಮ ಪ್ಲಂಬರ್ ಸಂಘದ ಅಧ್ಯಕ್ಷರಿಗೆ, ಕೆಲಸ ಬಿಟ್ಟು ಬಂದಿರುವ ಗಾರೆಯವರಿಗೆ, ಟೈಲ್ಸ್‌ನವರಿಗೆ — ಎಲ್ಲರಿಗೂ. ನನಗೆ ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ನಮ್ಮ ಕೆಲಸವೆಲ್ಲ ಸಿಂಕಿನ ಕೆಳಗೆ ತಲೆ ತೂರಿಸಿಕೊಂಡು ಮಾಡುವಂಥದ್ದು. ಮಾತಿನಲ್ಲಿ ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಣ್ಣ ನಮ್ಮನ್ನು ಬಿಟ್ಟು ಹೋಗಿ ಹತ್ತು ದಿನವಾಯಿತು. ಅಧ್ಯಕ್ಷರು ಅವರ ಬಗ್ಗೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ನಾನು ಹೊಗಳಲು ಬಂದಿಲ್ಲ. ಒಂದು ತಪ್ಪು ಒಪ್ಪಿಕೊಳ್ಳಲು ಬಂದಿದ್ದೇನೆ.

ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ನಮಗೆಲ್ಲ ಅವರು ‘ಗಾಳಿ ಅಣ್ಣ’. ಯಾರ ಕೆಲಸ ನೋಡಲು ಬಂದರೂ ಸೊಂಟದ ಮೇಲೆ ಕೈಯಿಟ್ಟು — ಹೀಗೆ — ಒಂದೇ ಪ್ರಶ್ನೆ. “ನೀರಿಗೆ ದಾರಿ ಮಾಡಿದೀಯಪ್ಪ, ಸರಿ. ಗಾಳಿಗೆಲ್ಲಿ?” ಮನೆಯವರಿಗೆ ಅರ್ಥವಾಗದಿದ್ದರೆ ನೀರಿನ ಬಾಟಲಿ ಬಗ್ಗಿಸಿ ತೋರಿಸುತ್ತಿದ್ದರು. ಇಲ್ಲಿ ನನಗೆ ಅಂತ ಇಟ್ಟಿದ್ದಾರಲ್ಲ, ಇಂಥದ್ದೇ ಬಾಟಲಿ. ತಲೆಕೆಳಗು ಮಾಡಿದರೆ ನೀರು ಸಲೀಸಾಗಿ ಇಳಿಯುವುದಿಲ್ಲ, ಗುಳುಗುಳು ಅಂತ ಒದ್ದಾಡುತ್ತೆ. “ಎರಡು ಬೇಸಿನ್ ಜೋಡಿಸಿದ್ರೂ ಹೀಗೇ ಅಮ್ಮ. ಒಂದು ಖಾಲಿ ಆಗೋವಾಗ, ಇನ್ನೊಂದರ ಕೆಳಗೆ ಬಾಗಿರೋ ಪೈಪಲ್ಲಿ ನಿಂತಿರೋ ನೀರನ್ನೂ ಎಳ್ಕೊಂಡು ಹೋಗುತ್ತೆ. ಆ ನೀರು ಹೋಯ್ತೋ, ಚರಂಡಿ ವಾಸನೆ ನೇರ ನಿಮ್ಮ ಮೂಗಿಗೆ. ಅದಕ್ಕೇ ಗೋಡೆಯೊಳಗಿಂದ ತಾರಸಿವರೆಗೆ ಒಂದು ಗಾಳಿ ಪೈಪು.”

ಹನ್ನೊಂದು ವರ್ಷದ ಹಿಂದಿನ ಮಾತು. ಗಂಡ ಹೆಂಡತಿ ಇಬ್ಬರೂ ಸ್ಕೂಲಿನಲ್ಲಿ ಪಾಠ ಮಾಡುವವರ ಒಂದು ಮನೆ. ಬೆಳಿಗ್ಗೆ ಇಬ್ಬರೂ ಒಂದೇ ಹೊತ್ತಿಗೆ ಹೊರಡಬೇಕು, ಕನ್ನಡಿ ಮುಂದೆ ದಿನಾ ಜಗಳ. ಅದಕ್ಕೆ ಬಾತ್‌ರೂಮಿನಲ್ಲಿ ಒಂದೇ ಕಟ್ಟೆಯ ಮೇಲೆ ಎರಡು ಬೇಸಿನ್ ಕೇಳಿದ್ದರು. “ಅವರ ಸಂಸಾರ ನಮ್ಮ ಕೈಲಿದೆ ಕಣೋ” ಅಂತ ಅಣ್ಣ ನಗುತ್ತಿದ್ದರು.

ಗೋಡೆ ಮುಚ್ಚುವ ದಿನ ಅಣ್ಣ ಇರಲಿಲ್ಲ. ಅತ್ತಿಗೆಗೆ ಆಪರೇಷನ್, ಆಸ್ಪತ್ರೆಯಲ್ಲಿದ್ದರು. ಗಾಳಿ ಪೈಪು ಹಾಕಬೇಕೆಂದರೆ ತಾರಸಿ ಕೊರೆಯಬೇಕು, ಅರ್ಧ ದಿನದ ಕೆಲಸ. ಟೈಲ್ಸ್‌ನವನು ಸಿಮೆಂಟ್ ಕಲಸಿಕೊಂಡು ಕೂತಿದ್ದ. ನೆಪ ಹೇಳುವುದಾದರೆ ಇನ್ನೂ ನಾಲ್ಕು ಹೇಳಬಹುದು. ನಿಜ ಹೇಳುವುದಾದರೆ — ಮೈಗಳ್ಳತನ. ಗೋಡೆಯೊಳಗೆ ಯಾರಿಗೆ ಕಾಣುತ್ತೆ ಅಂದುಕೊಂಡು ಬಿಟ್ಟುಬಿಟ್ಟೆ.

ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. “ಗಾಳಿ ಪೈಪ್ ಹಾಕಿದ್ಯೇನೋ?”

“ಹಾಕ್ದೆ ಅಣ್ಣ. ನೀವು ಅತ್ತಿಗೇನ ನೋಡ್ಕೊಳ್ಳಿ.”

“ನೀನಿದ್ದೀಯಲ್ಲ, ನಂಗೇನು ಯೋಚನೆ” ಅಂದರು.

ಆ ಮನೆಯಿಂದ ನನಗೆ ಯಾವ ದೂರೂ ಬರಲಿಲ್ಲ. ಬಚಾವಾದೆ ಅಂದುಕೊಂಡೆ. ಹನ್ನೊಂದು ವರ್ಷ ಹಾಗೇ ಅಂದುಕೊಂಡಿದ್ದೆ. ಕಳೆದ ವಾರ ಅಣ್ಣನ ಮನೆಯ ಮುಂದೆ ಎಲ್ಲರೂ ಕೂತಿದ್ದಾಗ ಆ ಮನೆಯ ಮೇಡಂ ಬಂದರು. ಇವತ್ತೂ ಬಂದಿದ್ದಾರೆ, ಹಿಂದೆ ಕೂತಿದ್ದಾರೆ. ಅವರು ನನಗೆ ಹೇಳಿದರು: “ಎರಡು ತಿಂಗಳಿಗೇ ವಾಸನೆ ಶುರುವಾಯ್ತು. ನಿಮ್ಮಣ್ಣನ್ನ ಕರೆಸಿದೆ. ಒಂದು ಬೇಸಿನ್ ತುಂಬಿಸಿ, ಬಿರಡೆ ಕಿತ್ತು, ಗುಳುಗುಳು ಅನ್ನುತ್ತಾ ಅಂತ ಇನ್ನೊಂದಕ್ಕೆ ಕಿವಿ ಇಟ್ಟರು. ‘ತಪ್ಪು ನಂದೇ ಮೇಡಂ, ಮರೆತುಬಿಟ್ಟೆ’ ಅಂದರು. ಮೂರು ಭಾನುವಾರ ಒಬ್ಬರೇ ಬಂದು, ಗೋಡೆ ಒಡೆದು, ತಾರಸಿ ಕೊರೆದು, ಟೈಲ್ಸ್ ಕೂಡ ತಾವೇ ಅಂಟಿಸಿ ಹೋದರು.”

ಮರೆತಿದ್ದರಂತೆ. ಗಾಳಿ ಅಣ್ಣ — ಗಾಳಿ ಪೈಪ್ ಮರೆತಿದ್ದರಂತೆ.

ಆ ಮೂರು ಭಾನುವಾರ ನಾನೆಲ್ಲಿದ್ದೆ ಅಂತ ನನಗೆ ಚೆನ್ನಾಗಿ ನೆನಪಿದೆ. ಮಗಳೇ, ನಿನಗೂ ನೆನಪಿರಬೇಕು. ಸೈಕಲ್ ಕಲಿಸ್ತೀನಿ ಅಂತ ಮಾತು ಕೊಟ್ಟ ಅಪ್ಪ ಬರಲಿಲ್ಲ ಅಂತ ನೀನು ಅತ್ತು ರಂಪ ಮಾಡಿದ್ದೆ. ಆಗ ಸೀಟು ಹಿಡಿದುಕೊಂಡು ನಿನ್ನ ಹಿಂದೆ ಓಡಿದ್ದು ನಾನು. ಮೂರನೇ ಭಾನುವಾರ ಕೈ ಬಿಟ್ಟೆ, ನೀನು ಬೀದಿಯ ಕೊನೆಯವರೆಗೆ ಹೋದೆ. “ಚಿಕ್ಕಪ್ಪಾ, ನೋಡು” ಅಂತ ಕೂಗಿದೆ. ಸಂಜೆ ಅಣ್ಣ ಬಂದರು, ತಲೆಗೂದಲೆಲ್ಲ ಸಿಮೆಂಟ್ ಧೂಳು. ನಾನು ಏನಂದೆ ಗೊತ್ತಾ? “ಎಂಥ ಅಪ್ಪ ಅಣ್ಣ ನೀವು, ಮಗೂಗಿಂತ ಕೆಲಸ ಹೆಚ್ಚಾಯ್ತಾ?” ಅವರು ನನ್ನ ಮುಖವನ್ನೇ ನೋಡಿದರು. “ಹೋಗ್ಲಿ ಬಿಡು, ನೀನಿದ್ಯಲ್ಲ” ಅಂದರು. ಅಷ್ಟೇ. ಕೈಕಾಲು ತೊಳೆಯಲು ಒಳಗೆ ಹೋದರು.

ಅಲ್ಲಿಂದಾಚೆಗೆ ಅವರಿಗೊಂದು ಹೊಸ ಅಭ್ಯಾಸ ಬಂತು, ಇಲ್ಲಿರುವ ಎಷ್ಟೋ ಜನ ನೋಡಿದ್ದೀರಿ. ನಮ್ಮಲ್ಲಿ ಯಾರು ಎಲ್ಲಿ ಎರಡು ಬೇಸಿನ್ ಕೂರಿಸಲಿ, ಅಣ್ಣ ತಾವೇ ಬಂದು ಒಂದನ್ನು ಅಂಚಿನವರೆಗೆ ತುಂಬಿಸಿ, ಬಿರಡೆ ಕಿತ್ತು, ಇನ್ನೊಂದರ ಮೇಲೆ ಬಗ್ಗಿ, ಕೈಯೆತ್ತಿ — ಹೀಗೆ — “ಒಂದು ನಿಮಿಷ, ಯಾರೂ ಮಾತಾಡ್ಬೇಡಿ” ಅನ್ನುತ್ತಿದ್ದರು. ನಾವು ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದೆವು. ‘ಡಾಕ್ಟರು ಎದೆ ಬಡಿತ ನೋಡ್ತಿದಾರೆ’ ಅಂತ ನಗಿಸುತ್ತಿದ್ದವನು ನಾನೇ. ವಯಸ್ಸಾಯಿತು, ಎಲ್ಲರ ಮೇಲೂ ಅನುಮಾನ ಅಂದೆ. ಅವರಿಗೆ ಅನುಮಾನ ಇದ್ದದ್ದು ನನ್ನೊಬ್ಬನ ಮೇಲೆ. ನಾಲ್ಕು ಜನರ ಮುಂದೆ ನನ್ನ ಮಾನ ಹೋಗಬಾರದು ಅಂತ ಎಲ್ಲರ ಬೇಸಿನ್ನಿಗೂ ಕಿವಿ ಇಟ್ಟರು.

ಒಂದು ಸಲ ಬೈದುಬಿಟ್ಟಿದ್ದರೆ ಸಾಕಿತ್ತು ಅಣ್ಣ — ಅಂತ ಈ ವಾರವೆಲ್ಲ ಅಂದುಕೊಂಡೆ. ಅದೂ ಸರಿಯಲ್ಲ. ನಾನು ಬಾಯಿ ಬಿಡಬೇಕಿತ್ತು. ದಿನಾ ಎದುರುಬದುರು ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಹನ್ನೊಂದು ವರ್ಷದಲ್ಲಿ ಒಂದು ಮಧ್ಯಾಹ್ನ ಸಿಗಲಿಲ್ಲವೇ ನನಗೆ? ಕೇಳಿಸಿಕೊಳ್ಳಲು ಅವರು ಕಾದಿದ್ದರೋ ಏನೋ. ಇನ್ನು ಯಾರನ್ನು ಕೇಳಲಿ.

ಅತ್ತಿಗೆ, ಮೇಡಂ — ಆ ಗೋಡೆಯ ತಪ್ಪು ನನ್ನದು, ಅವರದಲ್ಲ. ಅವರು ಮೈಮೇಲೆ ಹಾಕಿಕೊಂಡ ಕೆಟ್ಟ ಹೆಸರು ಅವರದಾಗಿಯೇ ಉಳಿಯಬಾರದು, ಅದಕ್ಕೆ ಮೈಕಿನಲ್ಲೇ ಹೇಳುತ್ತಿದ್ದೇನೆ. ಮಗಳೇ, ನಿನ್ನಪ್ಪ ಮಾತಿಗೆ ತಪ್ಪಿದವರಲ್ಲ. ನಾನು ಅವರ ಜಾಗದಲ್ಲಿ ನಿನ್ನ ಸೈಕಲ್ ಹಿಡಿದಿದ್ದಾಗ, ಅವರು ನನ್ನ ಜಾಗದಲ್ಲಿ ಗೋಡೆ ಒಡೆಯುತ್ತಿದ್ದರು. ಕ್ಷಮಿಸು ಅಂತ ಕೇಳಲು ನನಗೆ ಮುಖವಿಲ್ಲ. ನಿನಗೆ ಗೊತ್ತಿರಲಿ ಅಂತ ಹೇಳಿದೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅಣ್ಣ ಕೈಯೆತ್ತಿದಾಗ ನಾವು ಒಂದು ಸಲವೂ ಪೂರ್ತಿ ಸುಮ್ಮನಿದ್ದವರಲ್ಲ. ಯಾರಾದರೂ ಒಬ್ಬರು ನಗುತ್ತಿದ್ದರು — ಹೆಚ್ಚಾಗಿ ನಾನೇ. ಇವತ್ತು ಇರೋಣ.

ಒಂದು ನಿಮಿಷ. ಯಾರೂ ಮಾತಾಡಬೇಡಿ.