ಮನಗೂಳಿ ಪೇಟೆಯ ಬನ್ನಿ

ಕಸ್ತೂರೆವ್ವ ಗಂಡ ಸಂಗಮೇಶ ಕೋರಿ, ವಯಸ್ಸು 54, ಉದ್ಯೋಗ: ಒಕ್ಕಲುತನ, ಸಾಕಿನ್: ಕರಿಬನ್ನಿಗೋಳ, ತಾಲೂಕು: ಬಸವನ ಬಾಗೇವಾಡಿ.

ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನಮ್ಮೂರ ಪಡುವಣಕ್ಕೆ ಬೇವು, ಹುಣಸೆಗಳ ದೇವಿಯ ಬನವಿದೆ. ಅದರೊಳಗೆ ಯಾರೂ ಕೊಡಲಿ ಒಯ್ಯಬಾರದು. ಆಡು ಮೇಯಿಸುವ ಗೈಬುಸಾಬನ ಮನೆಯವರು ಅಜ್ಜನ ಕಾಲದಿಂದ ಬನ ಕಾಯುತ್ತ ಬಂದಿದ್ದಾರೆ. ಬನದ ಅಂಚಿನ ಬನ್ನಿ ಮರವೇ ಬನಕ್ಕೂ ನನ್ನ ಅಣ್ಣ ಖಂಡೆಪ್ಪನ ಹೊಲಕ್ಕೂ ಗಡಿ. ಬರುವ ವಾರ ಅಲ್ಲಿ ಗಡಿ ಅಳೆಯುವ ಮೋಜಣಿ ಇದೆ.

ದಿನಾಂಕ 02-10-2025ರಂದು ಸಂಜೆ 5 ಗಂಟೆಗೆ ಊರವರೆಲ್ಲ ಗುಡಿಯಿಂದ ಬನ್ನಿ ಮುಡಿಯಲು ಹೊರಟೆವು. ಪ್ರತಿವರ್ಷ ಮೊದಲ ಟೊಂಗೆ ಬಗ್ಗಿಸಿ ಕೊಡುವವನು ಗೈಬುಸಾಬನೇ. ಹೋಗಿ ನೋಡಿದರೆ ಯಾರೋ ಮರವನ್ನು ಬುಡಕ್ಕೇ ಕಡಿದು ಕೆಡವಿದ್ದರು. ಎಲೆ ಬಾಡಿತ್ತು.

ಯಾರೂ ಬಾಯಿ ಬಿಡುವ ಮೊದಲೇ ಖಂಡೆಪ್ಪನು, ಇದು ಆಡು ಮೇಸಾವ್ರ ಕೆಲಸ, ಗೈಬುಸಾಬನ್ನ ಕೇಳ್ರಿ ಅಂತ ಅಂದನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರೆ. ಇವನು ಅನ್ನುವ ಮೊದಲೇ ಮುಟ್ಟಿಕೊಂಡನು. ಆಮೇಲೆ, ಹಬ್ಬ ನಿಲ್ಲಬಾರ್ದು, ತಗೋರಿ ಅಂತ ಕೈಚೀಲದಿಂದ ಎಲೆ ತೆಗೆದು ಹಂಚಿದನು. ನಾನೂ ಅವನ ಕಾಲು ಮುಟ್ಟಿ ಇಸಕೊಂಡೆನು.

ಮನೆಗೆ ಬಂದು ನೋಡಿದೆನು. ನಮ್ಮ ಬನ್ನಿಯದು ಸಣ್ಣ ಎಲೆ. ಇದು ಎರಡು ಹೋಳಿನ ಅಗಲ ಎಲೆ, ಸೊಲ್ಲಾಪುರದ ಕಡೆಯವರು ದಸರೆಗೆ ಹಂಚುವಂಥದ್ದು. ಮರುದಿನ ಖಂಡೆಪ್ಪನನ್ನು ಕೇಳಲಾಗಿ, ಹಬ್ಬದ ದಿನ ಮುಂಜಾನೆನ ಮನಗೂಳಿ ಪ್ಯಾಟ್ಯಾಗ ತಂದಿದ್ದೆ ಅಂತ ಹೇಳಿದನು. ಊರಲ್ಲಿ ಮರ ಇಟ್ಟುಕೊಂಡು ನಮ್ಮಲ್ಲಿ ಯಾರೂ ಬನ್ನಿ ಕೊಂಡವರಿಲ್ಲ. ಸಂಜೆ ಮರ ಇರುವುದಿಲ್ಲವೆಂದು ಮುಂಜಾನೆಯೇ ಅವನಿಗೆ ಹೇಗೆ ಗೊತ್ತಾಯಿತು? ಅದೇ ನನ್ನ ಸಂಶಯ.

ನಿನ್ನೆಯಿಂದ ಗೈಬುಸಾಬನನ್ನು ಠಾಣೆಯಲ್ಲಿ ಕೂರಿಸಿದ್ದೀರಿ. ಅವನನ್ನು ಬಿಟ್ಟು ನನ್ನ ಅಣ್ಣನನ್ನು ವಿಚಾರಿಸಬೇಕು. ಅವನು ಕೊಟ್ಟ ಎಲೆಯನ್ನು ಹಾಜರುಪಡಿಸಿದ್ದೇನೆ.

ಕೈಕೈ ಬನ್ನಿ ಕೊಟ್ಟು ತಗೊಂಡವರು ವೈರ ಹಿಡೀಬಾರ್ದಲ್ಲ, ಅದೂ ಒಡಹುಟ್ಟಿದ ಅಣ್ಣನ ಮ್ಯಾಲ, ಹೆಂಗ ಬರಸ್ತೀ ಎವ್ವಾ ಅಂತ ಸಾಹೇಬರು ಕೇಳಿದರು. ಅಂವ ನನಗ ಕೊಟ್ಟಿದ್ದು ಬನ್ನಿನ ಅಲ್ಲರಿ, ಬರಕೋರಿ ಅಂತ ಹೇಳಿದೆನು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಸತ್ಯವಿದೆ.

ಸ್ಥಳ: ಠಾಣೆ
ದಿನಾಂಕ: 04-10-2025
ಸಹಿ: ಕಸ್ತೂರೆವ್ವ, ಖಂಡೆಪ್ಪನ ತಂಗಿ