ಟ್ಯಾರಂಟ್ ಅವರ ಮೂರನೆಯ ಕೈ

ನಮ್ಮ ಚರ್ಚಿನ ಹಿರಿಯರೂ ಇಂದಿನ ಅಧ್ಯಕ್ಷರೂ ಆದ ಡೀಕನ್ ವಾರ್ಡ್‌ಲೋ ಅವರೇ, ಷಿಕಾಗೋದಿಂದ ರೈಲಿನಲ್ಲಿ ಬಂದಿಳಿದಿರುವ ಮುಖ್ಯ ಅತಿಥಿ ಬ್ಯಾಸ್ಕಂ ಅವರೇ, ಎರಡನೇ ಸಾಲಿನಲ್ಲಿ ಕೂತಿರುವ ನಮ್ಮ ಕಾರ್ಖಾನೆಯ ಮಾಲೀಕರಾದ ಕ್ರುಲ್ ಅವರೇ, ಬಲಗೈ ಮಣಿಕಟ್ಟಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಕೂತಿರುವ ಇಂದಿನ ಸನ್ಮಾನಿತರಾದ ಲೂಷಿಯಸ್ ಟ್ಯಾರಂಟ್ ಅವರೇ, ಹಾಗೂ ಒಳಗಿನಿಂದ ಕರಿದ ಮೀನಿನ ವಾಸನೆ ಬರುತ್ತಿದ್ದರೂ ನನ್ನ ಕಡೆಗೇ ನೋಡುತ್ತಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಪಿಯಾನೊ ರೋಲ್ ಕಾರ್ಖಾನೆಯ ಪರವಾಗಿ ಸನ್ಮಾನಿತರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ನಾನು ಕೂತುಕೊಳ್ಳಬೇಕು. ಆಮೇಲೆ ಟ್ಯಾರಂಟ್ ಅವರು ಎದ್ದು, ಕೈ ಉಳುಕಿದೆ, ಇವತ್ತು ನುಡಿಸಲಾರೆ ಎಂದು ಕ್ಷಮೆ ಕೇಳುತ್ತಾರೆ. ನೀವೆಲ್ಲ ಅಯ್ಯೋ ಎನ್ನುತ್ತೀರಿ. ಬ್ಯಾಸ್ಕಂ ಅವರು ಐದೂವರೆಯ ರೈಲು ಹತ್ತುತ್ತಾರೆ. ಆದರೆ ಸಭಿಕರೇ, ಆ ಕೈಗೆ ಏನೂ ಆಗಿಲ್ಲ.

ಟ್ಯಾರಂಟ್ ಅವರು ನನ್ನತ್ತ ತಲೆ ಅಲ್ಲಾಡಿಸುತ್ತಿದ್ದಾರೆ. ಅಲ್ಲಾಡಿಸಲಿ, ತಲೆಯೂ ಉಳುಕಿಲ್ಲವೆಂದು ಗೊತ್ತಾಯಿತು.

ನಾನೇಕೆ ಹೀಗೆ ಎಂದು ಅಲ್ಲಿ ಕೂತಿರುವ ನಮ್ಮ ಹೆಸ್ಟರ್ ಅತ್ತೆಯನ್ನು ಕೇಳಿ. ಏಳನೇ ತರಗತಿಯಲ್ಲಿ ಮುದ್ದಾದ ಅಕ್ಷರಕ್ಕೆ ನನಗೆ ಬಹುಮಾನ ಬಂತು. ತನಿಖೆಗೆ ಬಂದ ದೊಡ್ಡವರು ರಿಬ್ಬನ್ ಕಟ್ಟಲು ಬಗ್ಗಿದರು. "ಅದು ನನ್ನ ಅಕ್ಷರ ಅಲ್ಲ ಸಾರ್, ಪಕ್ಕದವಳದ್ದು. ಹಾಳೆ ಅದಲುಬದಲಾಗಿದೆ" ಎಂದೆ. ಟೀಚರು ನನ್ನ ತೋಳು ಚಿವುಟಿ, "ಬಾಯ್ಮುಚ್ಕೊಂಡು ಕಟ್ಟಿಸ್ಕೊಳೇ" ಎಂದರು. ನಾನು ರಿಬ್ಬನ್ನನ್ನು ಪಕ್ಕದವಳ ಮೇಜಿನ ಮೇಲಿಟ್ಟು ಮನೆಗೆ ನಡೆದೆ. ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ಲಾಂಡ್ರಿಯಲ್ಲಿ ಹನ್ನೊಂದು ದಿನ ನಿಂತೆ. ಟೋಪಿ ಅಂಗಡಿಯಲ್ಲಿ ಆರು ವಾರ. ಕೊಳ್ಳಲು ಬಂದವರು ಚೆನ್ನಾಗಿದೆಯಾ ಎಂದು ಕೇಳಿದರೆ ನಾನು ಹೇಳಿಬಿಡುತ್ತಿದ್ದೆ.

ಕ್ರುಲ್ ಅವರ ಕಾರ್ಖಾನೆಯಲ್ಲಿ ಮಾತ್ರ ಮೂರು ವರ್ಷ. ಏಕೆ ನಿಂತೆ? ಕೆಲಸ ಇಷ್ಟವಾಯಿತು ಎಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೇನೆ. ಅದು ನಿಜ. ಮಂಗಳವಾರ ಬೆಳಿಗ್ಗೆ ಟ್ಯಾರಂಟ್ ಅವರು ನುಡಿಸಲು ಬರುತ್ತಾರೆ ಎಂಬುದೂ ನಿಜ.

ನಿಮ್ಮ ಮನೆಯ ಪಿಯಾನೊ ತಾನಾಗಿ ಹಾಡುತ್ತದೆ. ನೀವು ಪೆಡಲು ತುಳಿದರೆ ಸಾಕು, ತೂತು ಬಿದ್ದ ಕಾಗದದ ಸುರುಳಿ ಸರಿಯುತ್ತದೆ. ತೂತು ಬಂದಲ್ಲಿ ಗಾಳಿ ಒಳಹೊಕ್ಕು ಆ ಸ್ವರದ ಕೀ ಕೆಳಗೆ ಬೀಳುತ್ತದೆ. ಆ ತೂತು ಎಲ್ಲಿಂದ ಬಂತು ಎಂದು ಯಾರಾದರೂ ಯೋಚಿಸಿದ್ದೀರಾ? ಟ್ಯಾರಂಟ್ ಅವರು ನಮ್ಮಲ್ಲಿ ನುಡಿಸುವಾಗ ಒಂದೊಂದು ಕೀಗೂ ಒಂದೊಂದು ಪೆನ್ಸಿಲು ಕಾಗದದ ಮೇಲೆ ಗೀರು ಎಳೆಯುತ್ತದೆ. ಆ ಗೀರಿನ ಮೇಲೆ ನಾನು ಉಳಿ ಇಟ್ಟು, ಸುತ್ತಿಗೆಯಿಂದ ತಟ್ಟಿ ತೂತು ಮಾಡುತ್ತೇನೆ. ಆ ಒಂದು ತಾಯಿ ಸುರುಳಿಯಿಂದ ಯಂತ್ರವು ಸಾವಿರ ಸುರುಳಿ ಮಾಡುತ್ತದೆ. ತಪ್ಪು ತೂತು ಬಿದ್ದರೆ ಅಂಟುಕಾಗದ ಹಚ್ಚಿ ಮುಚ್ಚಬೇಕು. ಅಂಟುಕಾಗದ ಇರುವುದು ಕ್ರುಲ್ ಅವರ ಮೇಜಿನ ಮೇಲೆ. ಕೇಳಲು ಹೋದರೆ ಗೋಡೆಯ ಸ್ಲೇಟಿನಲ್ಲಿ ನಮ್ಮ ಹೆಸರಿನ ಮುಂದೆ ಒಂದು ಗೆರೆ. ಮೂರು ಗೆರೆಯಾದರೆ ಮನೆಗೆ.

ಕಳೆದ ಸೆಪ್ಟೆಂಬರಿನಲ್ಲಿ ನನ್ನ ಹೆಸರಿನ ಮುಂದೆ ಎರಡು ಗೆರೆ ಇದ್ದವು. ಒಂದು ಮಂಗಳವಾರ ಬೆಳಿಗ್ಗೆ ಟ್ಯಾರಂಟ್ ಅವರು ತಮ್ಮ 'ಹಿತ್ತಿಲ ಗೇಟು' ಎಂಬ, ಕಾಲು ಕುಣಿಸುವ ಧಾಟಿಯ ರ‍್ಯಾಗ್ ನುಡಿಸಿದ್ದರು. ಮಧ್ಯಾಹ್ನ ನಾನು ತೂತು ಹೊಡೆಯುತ್ತಿದ್ದೆ. ಮರೆತ ಟೋಪಿ ತೆಗೆದುಕೊಳ್ಳಲು ಅವರು ವಾಪಸು ಬಂದರು. ಬಾಗಿಲಲ್ಲಿ ನಿಂತು ಟೋಪಿ ಸರಿಮಾಡಿಕೊಂಡರು. ಸುತ್ತಿಗೆ ತನ್ನ ಪಾಡಿಗೆ ತಾನು ಬಿತ್ತು.

ಗೀರೇ ಇಲ್ಲದ ಕಡೆ ತೂತು.

ಮೂರನೆಯ ಗೆರೆ ಬಿದ್ದರೆ ಮಂಗಳವಾರಗಳೆಲ್ಲ ಹೋದವು. ನಾನು, ಈ ಪ್ರಾಮಾಣಿಕಳು, ಏನು ಮಾಡಿದೆ? ಆ ತೂತು ಒಂಟಿಯಾಗಿದ್ದರೆ ತಾನೇ ತಪ್ಪಾಗಿ ಕೇಳುವುದು? ಅದಕ್ಕೆ ಜೊತೆಯಾಗಲಿ ಎಂದು ಇನ್ನೂ ಎಂಟು ತೂತು ಹೊಡೆದೆ, ಮೆಟ್ಟಿಲಿಳಿಯುವ ಹಾಗೆ, ಕೊನೆಯಲ್ಲಿ ಸಣ್ಣದೊಂದು ಜಿಗಿತ. ಮರುದಿನ ಪರೀಕ್ಷೆಯ ಪಿಯಾನೊದಲ್ಲಿ ಸುರುಳಿ ಓಡಿತು. ಕ್ರುಲ್ ಅವರು ತಿನ್ನುತ್ತಿದ್ದ ಸಾಸೇಜು ಕೆಳಗಿಟ್ಟು, "ಏನ್ ಕೈ ಅಯ್ಯಾ ಇವನದು, ಇನ್ನೊಂದ್ಸಲ ಹಾಕಿ" ಎಂದರು. ಸಾವಿರ ಸುರುಳಿ ಹೋಯಿತು, ಮತ್ತೆ ಸಾವಿರ. ಪ್ರತಿಯೊಂದರ ಮೇಲೂ 'ಕಲಾವಿದರೇ ಕೈಯಾರೆ ನುಡಿಸಿದ್ದು' ಎಂಬ ಚೀಟಿ. ಸೇಂಟ್ ಲೂಯಿಸ್‌ನ ಜನ ಅವರಿಗೆ 'ಮೂರುಕೈ ಟ್ಯಾರಂಟ್' ಎಂದು ಹೆಸರಿಟ್ಟರು. ಆ ಒಂಬತ್ತು ಸ್ವರ ಬರುವ ಹೊತ್ತಿಗೆ ಎಡಗೈ ಕೆಳಗಿನ ತುದಿಯಲ್ಲಿ, ಬಲಗೈ ಮೇಲಿನ ತುದಿಯಲ್ಲಿ. ಆ ಸ್ವರಗಳು ಮಾತ್ರ ನಡುವೆ. ಮನುಷ್ಯಮಾತ್ರರಿಗೆ ಸಾಧ್ಯವಿಲ್ಲ.

ಟ್ಯಾರಂಟ್ ಅವರು ಅದನ್ನು ಮೊದಲು ಕೇಳಿದ್ದು ಐಸ್‌ಕ್ರೀಮ್ ಅಂಗಡಿಯಲ್ಲಂತೆ. ನೇರ ನನ್ನ ಮೇಜಿಗೆ ಬಂದರು. "ಜೆನೋಬಿಯಾ, ನಂಗೆ ಮೂರನೇ ಕೈ ಯಾವಾಗ ಬಂತು?" ನಾನು ಎಲ್ಲ ಹೇಳಿದೆ. ಟೋಪಿಯ ವಿಷಯ ಬಿಟ್ಟು. ಅವರು ನಕ್ಕೂ ನಕ್ಕೂ ಕಾಗದದ ಚೂರುಗಳ ಮೇಲೆ ಕೂತೇಬಿಟ್ಟರು. "ಕ್ರುಲ್ ಅವರಿಗೆ ಹೇಳ್ಬಿಡ್ತೀನಿ" ಎಂದೆ. "ಹೇಳಿ ಏನ್ ಮಾಡ್ತೀಯ, ಮತ್ತೆ ಟೋಪಿ ಮಾರ್ತೀಯಾ? ಪಾಪ ಗಿರಾಕಿಗಳು. ಸುಮ್ನಿರು" ಎಂದರು.

ನಾನು ಸುಮ್ಮನಿದ್ದೆ, ಎಂಟು ತಿಂಗಳು. ಆ ಎಂಟು ತಿಂಗಳೂ ಯಾರು ಎಲ್ಲಿ 'ಹಿತ್ತಿಲ ಗೇಟು' ನುಡಿಸಿ ಎಂದರೂ ಅವರಿಗೆ ಒಂದೊಂದು ರೋಗ. ಕ್ರಿಸ್‌ಮಸ್ಸಿನಲ್ಲಿ ಹೆಬ್ಬೆರಳು ಊದಿತ್ತು. ಡೀಕನ್ನರ ಮಗಳ ಮದುವೆಯಲ್ಲಿ ತಲೆಸುತ್ತು. ಈಸ್ಟರಿನಲ್ಲಿ ಬೂಟು ಕಚ್ಚಿತ್ತು. ಬೂಟು ಕಚ್ಚಿದರೆ ಕೈಗೇನು ಎಂದು ನಿಮ್ಮಲ್ಲೊಬ್ಬರೂ ಕೇಳಲಿಲ್ಲವಲ್ಲ.

ಈಗ ಬ್ಯಾಸ್ಕಂ ಅವರು ತಮ್ಮ ನಾಟಕಶಾಲೆಯ ಪಿಯಾನೊ ಕೆಲಸವನ್ನು ಟ್ಯಾರಂಟ್ ಅವರಿಗೆ ಕೊಡಲು ಬಂದಿದ್ದಾರೆ. ಆ ಒಂಬತ್ತು ಸ್ವರವನ್ನು ಕಣ್ಣಾರೆ ನೋಡಿದ ಮೇಲೆಯೇ ಕೆಲಸ ಎಂದು ಕಾಗದ ಬರೆದಿದ್ದರು. ನನ್ನ ಕೆಲಸ ಉಳಿಯಲೆಂದು ಇವರು ತಮ್ಮ ಕೆಲಸವನ್ನು ಆ ಬಿಳಿ ಬಟ್ಟೆಯಲ್ಲಿ ಸುತ್ತಿ ಎಸೆಯುತ್ತಿದ್ದಾರೆ. ನಾನು ನೋಡುತ್ತ ಕೂರಲೇ? ಪಕ್ಕದವಳ ರಿಬ್ಬನ್ನನ್ನೇ ಕಟ್ಟಿಸಿಕೊಳ್ಳದವಳು ಇದನ್ನು ಕಟ್ಟಿಸಿಕೊಳ್ಳಲೇ?

ಬ್ಯಾಸ್ಕಂ ಅವರೇ, ಆ ಸುರುಳಿಯ ತೂತುಗಳನ್ನು ಎಣಿಸಿದ್ದೇನೆ. ನಾಲ್ಕು ಸಾವಿರದ ಇನ್ನೂರ ಆರು. ಅದರಲ್ಲಿ ಒಂಬತ್ತು ನನ್ನವು. ಉಳಿದದ್ದೆಲ್ಲ ಈ ಮನುಷ್ಯನ ಎರಡೇ ಕೈ. ಕ್ರುಲ್ ಅವರೇ, ನೀವು ಮೂಗಿನ ಮೇಲೆ ಕನ್ನಡಕ ಏರಿಸಿದ್ದು ಕಂಡಿತು. ನಾಳೆ ಬೆಳಿಗ್ಗೆ ಮೂರನೆಯ ಗೆರೆ ಎಳೆಯಿರಿ. ಬೇಕಾದರೆ ಒಂಬತ್ತು ಎಳೆಯಿರಿ, ಸೀಮೆಸುಣ್ಣ ನಾನೇ ತಂದುಕೊಡುತ್ತೇನೆ. ಷಿಕಾಗೋದಲ್ಲಿ ಟೋಪಿ ಅಂಗಡಿಗಳು ಬೇಕಾದಷ್ಟಿವೆಯಂತೆ. ಅದನ್ನೇಕೆ ಹೇಳಿದೆನೋ ಗೊತ್ತಿಲ್ಲ. ಚೀಟಿಯಲ್ಲಿ ಇರಲಿಲ್ಲ.

ಇನ್ನೊಂದು ಮಾತು. ನನಗೆ ಪಿಯಾನೊ ಬರುವುದಿಲ್ಲ. ಆದರೆ ಹತ್ತು ದಿನದಿಂದ ಹೆಸ್ಟರ್ ಅತ್ತೆಯ ಚರ್ಚಿನ ಹಾರ್ಮೋನಿಯಂ ಮೇಲೆ ಅದೇ ಒಂಬತ್ತು ಸ್ವರಗಳನ್ನು ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆ. "ಲೇ, ಅದರ ಮುಂದಿಂದಾದ್ರೂ ಬಾರಿಸೇ, ಇಲ್ಲಾ ನನ್ನನ್ನ ಕೊಂದ್ಹಾಕೇ" ಎಂದು ಅತ್ತೆ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾರೆ. ಹತ್ತಿ ಈಗಲೂ ಇದೆ, ನೋಡಿ. ಹಾಗಾಗಿ ಈ ಭಾಷಣ ಅವರಿಗೆ ಕೇಳಿಸಿಲ್ಲ. ದಯವಿಟ್ಟು ಯಾರೂ ಹೇಳಬೇಡಿ.

ಐದು ನಿಮಿಷ ಕೊಟ್ಟು ಹದಿನೈದು ನಿಮಿಷ ಸಹಿಸಿದ ಅಧ್ಯಕ್ಷರಿಗೆ, ಮೀನು ಆರುತ್ತಿದ್ದರೂ ಕದಲದ ನಿಮಗೆ, ಅಂದು ಟೋಪಿ ಮರೆತವರಿಗೆ, ನನ್ನ ವಂದನೆಗಳು. ಟ್ಯಾರಂಟ್ ಅವರೇ, ಆ ಬಟ್ಟೆ ಬಿಚ್ಚಿ. ಪಿಯಾನೊದ ಮುಂದೆ ಕೂತು, ಬೆಂಚಿನ ಮೇಲೆ ಸ್ವಲ್ಪ ಆಚೆ ಸರಿಯಿರಿ. ನಿಮ್ಮ ಮೂರನೆಯ ಕೈ ಬರುತ್ತಿದೆ.

ನಮಸ್ಕಾರ.