ಕೇಳಿಸುತ್ತದೆ ಎಂದು ಬರೆದವಳು

ಇವತ್ತಿನ ಪ್ರವಚನದಲ್ಲಿ ದಾನದ ಮಾತು ಬಂತಲ್ಲ, ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ. ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡಿದರೆ ನಿಮಗೆ ಅನುಕೂಲ. ಏಕೆಂದರೆ ಆಗ ಕಥೆ ಬೇರೆ ಯಾರದೋ ಆಗುತ್ತದೆ, ನೀವು ಗೋಡೆಗೆ ಒರಗಿ ಆರಾಮವಾಗಿ ಕೇಳಬಹುದು. ಈ ಕಥೆಯಲ್ಲಿ ಶ್ರೀಮಂತರು ಯಾರೂ ಇಲ್ಲ. ಕೊಟ್ಟವರು ಸಮುದ್ರದಾಚೆಯ ಒಂದು ದೇಶದ ಸಾಮಾನ್ಯ ಜನ, ಅಂದರೆ ಬಸ್ ಓಡಿಸಿ ನಿವೃತ್ತರಾದವರು, ಶಾಲೆಯ ಮಾಸ್ತರರು, ಬೇಕರಿಯಲ್ಲಿ ದುಡಿಯುವವರು. ತೆಗೆದುಕೊಂಡವರು ನಮ್ಮ ಕಡೆಯ ನೇಕಾರರು. ನಡುವೆ ಒಂದು ಸಂಸ್ಥೆ. ಆ ಸಂಸ್ಥೆಯ ಕಚೇರಿಯಲ್ಲಿ ಒಬ್ಬ ಹೆಣ್ಣುಮಗಳು. ಅವಳನ್ನು ಶಿವಲೀಲಾ ಎಂದು ಕರೆಯೋಣ.

ನೇಕಾರರ ಆ ಊರಲ್ಲಿ ಪವರ್‌ಲೂಮು ಇಲ್ಲದ ಓಣಿ ಇಲ್ಲ. ಇಪ್ಪತ್ತು ವರ್ಷ ಆ ಸಪ್ಪಳದ ಮುಂದೆ ನಿಂತವರಿಗೆ ಕಿವಿ ಹೋಗುತ್ತದೆ. ಯಾರೂ ಅದನ್ನು ರೋಗ ಎನ್ನುವುದಿಲ್ಲ. ವಯಸ್ಸಾಯಿತು ಎನ್ನುತ್ತಾರೆ, ವಯಸ್ಸು ನಲವತ್ತೈದೇ ಆಗಿದ್ದರೂ. ಸಂಸ್ಥೆಯವರು ಇದನ್ನು ಕಂಡು, ತಮ್ಮ ದೇಶದ ಜನಕ್ಕೆ ತಿಳಿಸಿ, ಅವರು ಕೊಟ್ಟಿದ್ದರಲ್ಲಿ ಕಿವಿಯ ಮಷಿನ್ ತರಿಸಿ, ಕಲ್ಯಾಣ ಮಂಟಪದಲ್ಲಿ ಶಿಬಿರ ಮಾಡಿ ನಾನೂರ ಹನ್ನೆರಡು ಜನರಿಗೆ ಹಂಚಿದರು. ಒಳ್ಳೆಯ ಕೆಲಸ. ನಾನು ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ.

ಕೊಟ್ಟವರಿಗೆ ಸುದ್ದಿ ಮುಟ್ಟಿಸುವುದು ಶಿವಲೀಲಾಳ ಕೆಲಸ. ಒಂದು ಫೋಟೋ, ಅದರ ಕೆಳಗೆ ನಾಲ್ಕು ಸಾಲು. ಶಿಬಿರದಲ್ಲಿ ಗುರುಪಾದಪ್ಪ ಎಂಬ ನೇಕಾರರ ಫೋಟೋ ಚೆನ್ನಾಗಿ ಬಂದಿತ್ತು. ಬಿಳಿ ಮೀಸೆ, ಕೆಂಪು ರುಮಾಲು, ಕಿವಿಯಲ್ಲಿ ಹೊಸ ಮಷಿನ್. ಅದರ ಕೆಳಗೆ ಅವಳು ಬರೆದಳು: ‘ಗುರುಪಾದಪ್ಪ ಈಗ ಮೊಮ್ಮಗಳು ಹಾಡುವುದನ್ನು ಕೇಳುತ್ತಾರೆ.’ ಅವರ ಮನೆಗೆ ಅವಳು ಹೋಗಿರಲಿಲ್ಲ. ಮುದುಕರಿಗೆ ಮೊಮ್ಮಕ್ಕಳಿರುತ್ತಾರೆ, ಮೊಮ್ಮಕ್ಕಳು ಹಾಡುತ್ತಾರೆ, ಇದರಲ್ಲಿ ತಪ್ಪೇನು ಎಂದುಕೊಂಡಿದ್ದಳು. ನೋಡಿ, ಅವಳು ಕಳ್ಳಿಯಲ್ಲ. ಕಚೇರಿಯ ಒಂದು ಪೆನ್ನನ್ನೂ ಮನೆಗೆ ಒಯ್ದವಳಲ್ಲ. ಒಂದು ಸಾಲು ಚೆಂದ ಕಾಣಲಿ ಎಂದು ಬರೆದಳು, ಅಷ್ಟೇ. ಫೋಟೋ, ಸಾಲು ಎರಡೂ ಸಂಸ್ಥೆಯ ಕ್ಯಾಲೆಂಡರಿನಲ್ಲಿ ಜೂನ್ ತಿಂಗಳಾದವು. ಆ ದೇಶದಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ಗುರುಪಾದಪ್ಪ ಮೂವತ್ತು ದಿನ ನಗುತ್ತಾ ಇದ್ದರು.

ಜುಲೈ ತಿಂಗಳಲ್ಲಿ ಆ ದೇಶದಿಂದ ಒಂದು ಪತ್ರ ಬಂತು. ಬರೆದವಳು ಒಬ್ಬ ಬಸ್ ಚಾಲಕನ ಹೆಂಡತಿ, ಗಂಡ ತೀರಿಕೊಂಡಿದ್ದ. ಪತ್ರದಲ್ಲಿ ಹೊಗಳಿಕೆ ಇಲ್ಲ, ದೂರು ಇಲ್ಲ. ‘ನನ್ನ ಕಿವಿಯಲ್ಲೂ ಮಷಿನ್ ಇದೆ. ಅದರ ಸೆಲ್ಲು ಹತ್ತು ದಿನಕ್ಕೆ ಮುಗಿಯುತ್ತದೆ. ನಿಮ್ಮ ಊರಿನವರು ಸೆಲ್ಲು ಯಾವ ಅಂಗಡಿಯಿಂದ ತರುತ್ತಾರೆ?’ ಎಂದಷ್ಟೇ ಇತ್ತು.

ಶಿವಲೀಲಾ ಪತ್ರ ಹಿಡಿದು ನಿರ್ದೇಶಕರ ಮುಂದೆ ನಿಂತಳು. ಅವರು ಓದಿ ಕನ್ನಡಕ ತೆಗೆದರು.

“ಸೂಕ್ತ ವ್ಯವಸ್ಥೆ ಮಾಡಲಾಗಿದೆ ಅಂತ ಬರೀರಿ.”

“ಎಲ್ಲಿ ಮಾಡೇವ್ರಿ ಸರ್?”

“ಮಾಡೋಣಂತ. ಮೊದಲ ಬರೀರಿ.”

ಅವಳು ಬರೆಯಲು ಕುಳಿತಳು. ಮೊಮ್ಮಗಳನ್ನು ಬರೆಯುವಾಗ ಓಡಿದ ಕೈ ಈಗ ಓಡಲಿಲ್ಲ. ಆ ಹೆಂಗಸು ಅಂಗಡಿ ಯಾವುದು ಎಂದು ಕೇಳಿದ್ದಳು. ಅಂಗಡಿಯೆಂದರೆ ಅದಕ್ಕೊಂದು ಹೆಸರಿರಬೇಕು, ಬಾಗಿಲಿರಬೇಕು. ಶಿವಲೀಲಾ ಮರುದಿನ ಬಸ್ಸು ಹತ್ತಿ ಆ ಊರಿಗೆ ಹೋದಳು.

ಗುರುಪಾದಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ಕಿವಿಯಲ್ಲಿ ಮಷಿನ್ ಇತ್ತು. ಅವಳಿಗೆ ಹೋದ ಜೀವ ಬಂದಂತಾಯಿತು.

“ಆರಾಮ ಅದೀರೇನ್ರಿ ಅಜ್ಜಾರ? ಈಗ ಕೇಳಸ್ತೈತೇನ್ರಿ?”

“ಊಟ ಆತು. ಈಗಷ್ಟ ಆತು.”

ಅವಳು ಬಗ್ಗಿ ಗಟ್ಟಿಯಾಗಿ ಕೇಳಿದಳು. “ಕಿವಿ ಕೇಳಸ್ತೈತೇನು ಅಂದೆ.”

“ಜ್ವಾಳದ ರೊಟ್ಟಿ, ಹೆಸರಕಾಳ ಪಲ್ಲೆ,” ಎಂದರು ಅವರು, ಬಹಳ ಗೌರವದಿಂದ.

ಒಳಗಿನಿಂದ ಹೆಂಗಸಿನ ದನಿ ಬಂತು. “ಅವರನ್ನೇನ್ ಕೇಳತಿ ಬಿಡು ತಂಗಿ. ಒಳಗ ಬಾ.”

ಒಳಗೆ ಹೊರಸಿನ ಮೇಲೆ ಅವರ ಹೆಂಡತಿ ಸಾವಂತ್ರೆವ್ವ ಮಲಗಿದ್ದಳು. ಸೊಂಟದಿಂದ ಕೆಳಗೆ ಕೌದಿ ಹೊದ್ದಿದ್ದಳು. ಶಿವಲೀಲಾ ತಾನು ಯಾರು ಎಂದು ಹೇಳಿ ಪಕ್ಕದಲ್ಲಿ ಕುಳಿತಳು.

“ನಾಕ ಸೆಲ್ಲ ಕೊಟ್ಟಿದ್ರಿ,” ಎಂದಳು ಸಾವಂತ್ರೆವ್ವ. “ಒಂದೂವರಿ ತಿಂಗಳಿಗೆ ಮುಗದೂವು. ಇಲ್ಲಿ ಎಲ್ಲೂ ಸಿಗಂಗಿಲ್ಲ.”

“ಮತ್ತ ಕಿವ್ಯಾಗ ಯಾಕ ಹಾಕ್ಕೊಂಡಾರ್ರಿ?”

“ನಿಮ್ಮ ಮಂದಿ ಜೀಪ್ ತಗೊಂಡ ಬರತಾರಲ್ಲ. ಕಿವ್ಯಾಗ ಇರದಿದ್ರ ಮುಂದ ಈ ಊರಿಗೆ ಏನೂ ಕೊಡಂಗಿಲ್ಲ ಅಂತ ಯಾರೋ ಅಂದ್ರಂತ. ತಮ್ಮಿಂದ ಊರಿಗೆ ಬರೋದು ತಪ್ಪಬಾರದು ಅಂತ ದಿನಾ ಹಾಕ್ಕೊಂಡ ಕುಂಡ್ರತಾರ.”

“ಕಾಲಿಗೆ ಏನಾತ್ರಿ ಆಯಿ?”

“ಕಾಲಲ್ಲ, ಸೊಂಟ. ಹೋದ ತಿಂಗಳ ಒಂದಿನ ಮುಂಜಾನಿ ಬಚ್ಚಲದಾಗ ಜಾರಿ ಬಿದ್ದೆ. ಇವರು ಪಡಸಾಲ್ಯಾಗ ಕುಂತಿದ್ರು. ಕರದೆ. ಮಧ್ಯಾಹ್ನದ ತನಕ ಕರದೆ.”

“ಬಾಜೂ ಮನಿಯವರು?”

“ಮೊದಲ ಶಂಕ್ರವ್ವ ದಿನಾ ಬಂದು ಹಣಕಿ ನೋಡಿ ಹೋಗತಿದ್ಲು, ಇವರಿಗೆ ಕೇಳಸಂಗಿಲ್ಲ ಅಂತ. ಮಷಿನ್ ಬಂದಿಂದ ಬಿಟ್ಲು. ಆಕೀದೇನೂ ತಪ್ಪಿಲ್ಲ. ಕಿವ್ಯಾಗ ಐತಲ್ಲ, ಕೇಳಸ್ತಿರಬೇಕು ಅಂದ್ಕೊಂಡ್ಲು.”

ಶಿವಲೀಲಾ ಜಾರುತ್ತಿದ್ದ ಕೌದಿಯನ್ನು ಎಳೆದು ಸರಿಮಾಡಿದಳು. ಆಮೇಲೆ ಕೇಳಿದಳು, “ನಮ್ಮವರು ಎರಡ ಸಲ ಬಂದಿದ್ರಲ್ಲರಿ. ಅವರಿಗೆ ಹೇಳಲಿಲ್ಲೇನು?”

“ನಗ್ರಿ ಅಂದ್ರು. ಇವರು ನಕ್ರು. ಮತ್ತೇನೂ ಕೇಳಲಿಲ್ಲ ತಂಗಿ.”

ಗೋಡೆಯ ಮೇಲೆ ಅದೇ ಕ್ಯಾಲೆಂಡರ್ ಇತ್ತು. ಜುಲೈ ಬಂದರೂ ಜೂನಿನ ಹಾಳೆ ಮಗುಚಿರಲಿಲ್ಲ. ಸಾವಂತ್ರೆವ್ವ ಅದರತ್ತ ಕೈ ಮಾಡಿದಳು.

“ಅದರಾಗ ಬರದಿದ್ದನ್ನ ಹೈಸ್ಕೂಲ್ ಮಾಸ್ತರು ಓದಿ ಹೇಳಿದ್ರು. ಮೊಮ್ಮಗಳು ಅಂತ ಐತಂತ. ನಮಗ ಮಕ್ಕಳ ಇಲ್ಲ ತಂಗಿ.”

ಇಲ್ಲಿ ಒಂದು ಕ್ಷಣ ನಿಲ್ಲಿ. ಆ ಹೊತ್ತಿಗೆ ಶಿವಲೀಲಾಳ ಬಾಯಿಗೆ ಎಷ್ಟು ಮಾತು ಬಂದಿರಬಹುದು ಹೇಳಿ. ಪ್ರಿಂಟಿನ ತಪ್ಪು ಎನ್ನಬಹುದಿತ್ತು. ಬೇರೆ ಯಾರದೋ ವಿವರ ಸೇರಿಬಿಟ್ಟಿದೆ ಎನ್ನಬಹುದಿತ್ತು. ಆ ಮುದುಕಿ ಪರೀಕ್ಷೆ ಮಾಡಲು ಎಲ್ಲಿಗೆ ಹೋಗುತ್ತಿದ್ದಳು?

“ನಾನ ಬರದೆ ಆಯಿ,” ಎಂದಳು ಶಿವಲೀಲಾ. “ಗೊತ್ತಿಲ್ಲದ ಬರದೆ.”

ಸಾವಂತ್ರೆವ್ವ ಅವಳನ್ನೇ ನೋಡಿದಳು.

“ಏನ್ ಹೆಸರ ಇಟ್ಟಿದ್ದಿ ಆಕಿಗೆ?”

“ಹೆಸರ ಇಟ್ಟಿರಲಿಲ್ಲರಿ.”

“ಹಾಡಾಕ ಹಚ್ಚಿದಾಕಿ, ಒಂದ್ ಹೆಸರರೆ ಇಡಬೇಕಿತ್ತು.”

ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೂ ಹೇಳಲಿಲ್ಲ. ಚಾ ಕುಡಿದೇ ಹೋಗಬೇಕು ಎಂದಳು. ಎದ್ದು ಚಾ ಮಾಡಲು ತನ್ನಿಂದ ಆಗುವುದಿಲ್ಲ ಎಂಬುದು ಆಮೇಲೆ ನೆನಪಾಯಿತು. ಶಿವಲೀಲಾ ಒಲೆ ಹಚ್ಚಿ ಮೂವರಿಗೆ ಚಾ ಮಾಡಿದಳು. ಗುರುಪಾದಪ್ಪ ಕಪ್ಪು ತೆಗೆದುಕೊಂಡು, ಕೇಳದೇ ಇದ್ದ ಯಾವುದೋ ಪ್ರಶ್ನೆಗೆ, “ಎಲ್ಲಾ ಚಲೋ ಐತ್ರಿ,” ಎಂದು ಉತ್ತರ ಕೊಟ್ಟರು.

ಅವಳು ಎರಡು ವಾರ ಆ ಊರಿನಲ್ಲೇ ಉಳಿದು ಮನೆಮನೆಗೆ ಹೋದಳು. ಮಷಿನ್ ಕೆಲವರ ಟ್ರಂಕಿನಲ್ಲಿತ್ತು. ಕೆಲವರ ದೇವರ ಜಗಲಿಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು. ಒಂದು ಮನೆಯಲ್ಲಿ ಅದನ್ನು ಮಗಳ ಜೊತೆ ಅವಳ ಗಂಡನ ಮನೆಗೆ ಕಳಿಸಿಬಿಟ್ಟಿದ್ದರು, ಅಲ್ಲಿನ ಮಾವನಿಗೆ ಕಿವಿ ಮಂದ ಎಂದು. ನಾನೂರ ಹನ್ನೆರಡರಲ್ಲಿ ನಡೆಯುತ್ತಿದ್ದದ್ದು ಹತ್ತೊಂಬತ್ತು, ದೊಡ್ಡ ಊರಿನಿಂದ ಸೆಲ್ಲು ತಂದುಕೊಡುವ ನೆಂಟರಿದ್ದವರದು.

ನಿರ್ದೇಶಕರು ಆ ಸಂಖ್ಯೆಯನ್ನು ಎರಡು ಸಲ ಓದಿದರು. ಅವರೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು.

“ಇದು ಅಲ್ಲಿಗೆ ಹೋದರ ಮಂದಿ ಕೊಡೋದು ಬಿಡತಾರ,” ಎಂದರು. “ನಮ್ಮ ಕಿವುಡ ಮಕ್ಕಳ ಶಾಲಿ ನಡಿಯೋದು ಅದ ಮಂದಿಯಿಂದ. ವಿಶ್ವಾಸ ಹೋತು ಅಂದರ ಆ ಮಕ್ಕಳಿಗೆ ಯಾರು ಉತ್ತರ ಹೇಳೋರು? ನೀವು ಹೇಳತೀರಿ?”

ನಿಜ ಹೇಳುತ್ತೇನೆ, ಇದಕ್ಕೆ ಉತ್ತರ ನನಗೂ ಸುಲಭಕ್ಕೆ ಹೊಳೆಯುವುದಿಲ್ಲ.

“ಆ ಅಮ್ಮ ಸೆಲ್ಲ ಎಲ್ಲಿ ಸಿಗತಾವು ಅಂತ ಕೇಳ್ಯಾರ್ರಿ ಸರ್,” ಎಂದಳು ಕಡೆಗೆ. “ಸಿಗಂಗಿಲ್ಲ ಅಂತ ಬರೀತೀನಿ. ನನ್ನ ಹೆಸರಲೆ ಬರೀತೀನಿ. ನೀವು ಬ್ಯಾಡ ಅಂದ್ರೂ ಬರೀತೀನ್ರಿ, ಅದಕ್ಕ ಮೊದಲ ಹೇಳಾಕ ಬಂದೆ.”

ಅವರು ಬೇಡ ಎನ್ನಲಿಲ್ಲ, ಬರೆಯಿರಿ ಎಂದೂ ಅನ್ನಲಿಲ್ಲ. ಅವಳು ಬರೆದಳು. ಅಂಗಡಿ ಇಲ್ಲ, ನಡೆಯುತ್ತಿರುವುದು ಹತ್ತೊಂಬತ್ತು, ಒಬ್ಬ ಹೆಂಗಸಿನ ಸೊಂಟ ಮುರಿದಿದೆ, ಮೊಮ್ಮಗಳು ಇಲ್ಲ, ಮೊಮ್ಮಗಳನ್ನು ನಾನೇ ಬರೆದೆ.

ಬಸ್ ಚಾಲಕನ ಹೆಂಡತಿ ಆ ಪತ್ರವನ್ನು ತಮ್ಮ ದೇಶದಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಓದಿದಳು. ಆಮೇಲೆ ಏನಾಯಿತು ಎಂದು ನೀವು ಎಣಿಸುತ್ತಿದ್ದೀರಿ? ಸತ್ಯಕ್ಕೆ ಜನ ಚಪ್ಪಾಳೆ ತಟ್ಟಿದರೇ? ತಟ್ಟಲಿಲ್ಲ. ಕೊಡುವವರಲ್ಲಿ ಅರ್ಧದಷ್ಟು ಜನ ನಿಲ್ಲಿಸಿದರು. ಜೀಪು ಹೋಯಿತು. ನಿರ್ದೇಶಕರು ವರ್ಗವಾದರು. ಕಿವುಡ ಮಕ್ಕಳ ಶಾಲೆಯಲ್ಲಿ ಇಬ್ಬರು ಶಿಕ್ಷಕಿಯರ ಪೈಕಿ ಒಬ್ಬಳನ್ನು ಬಿಡಿಸಬೇಕಾಯಿತು. ನಿರ್ದೇಶಕರು ಹೇಳಿದ್ದು ಸುಳ್ಳಾಗಲಿಲ್ಲ. ಶಿವಲೀಲಾ ಆ ಶಿಕ್ಷಕಿಯ ಮನೆಗೆ ಹೋಗಿ, ಇದು ನನ್ನ ಪತ್ರದಿಂದ ಆದದ್ದು ಎಂದು ಹೇಳಿ ಬಂದಳು. ಆ ಶಿಕ್ಷಕಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು, ಒಳಗೆ ಕರೆಯಲಿಲ್ಲ. ಶಿವಲೀಲಾಳ ಕೆಲಸ ಮಾತ್ರ ಉಳಿಯಿತು. ಮನೆಮನೆಗೆ ಹೋಗಿ ಎಣಿಸಲು ಬೇರೆ ಯಾರೂ ಒಪ್ಪಲಿಲ್ಲ, ಅದಕ್ಕೆ.

ಉಳಿದ ಅರ್ಧ ಜನ ಒಂದು ಮಾತು ಹೇಳಿ ಕಳಿಸಿದರು. ಮೂರು ತಿಂಗಳಿಗೊಮ್ಮೆ ನಮಗೆ ಫೋಟೋ ಬೇಡ, ಎಷ್ಟು ನಡೆಯುತ್ತಿವೆ ಎಂಬ ಸಂಖ್ಯೆ ಬರೆಯಿರಿ. ಮಗ್ಗದ ಬಿಡಿಭಾಗ ಮಾರುವ ಅಂಗಡಿಯವನನ್ನು ಒಪ್ಪಿಸಿ ಶಿವಲೀಲಾ ಅಲ್ಲಿ ಸೆಲ್ಲು ಇಡಿಸಿದಳು. ಮೂರು ತಿಂಗಳಿಗೆ ಸಂಖ್ಯೆ ಮೂವತ್ತೊಂದು ಆಯಿತು, ಬರೆದಳು. ಮುಂದಿನ ಮೂರು ತಿಂಗಳು ಮಳೆಗೆ ಸೆಲ್ಲಿನ ಪೆಟ್ಟಿಗೆ ತೊಯ್ದು ಇಪ್ಪತ್ತೆಂಟಕ್ಕೆ ಇಳಿಯಿತು. ಅದನ್ನು ಬರೆಯುವ ಮುಂಚೆ ಅವಳು ಬಹಳ ಹೊತ್ತು ಕುಳಿತಿದ್ದಳು. ಮೂರರ ವ್ಯತ್ಯಾಸ ಎಷ್ಟರದು? ಇನ್ನೊಂದು ವಾರ ತಡೆದರೆ ಮತ್ತೆ ಮೂವತ್ತೊಂದು ಆದೀತು. ಆದರೂ ಇಪ್ಪತ್ತೆಂಟು ಎಂದೇ ಬರೆದಳು.

ಆ ಸಲ, ಕೊಡುವುದು ನಿಲ್ಲಿಸಿದ್ದ ಒಬ್ಬ ಬೇಕರಿಯವನು ಮತ್ತೆ ಬರೆದ. ‘ನೀವು ಇಪ್ಪತ್ತೆಂಟು ಎಂದು ಬರೆದಿರಿ. ಹಾಗಾದರೆ ಮೂವತ್ತೊಂದೂ ನಿಜವಿದ್ದಿರಬೇಕು ಎನ್ನಿಸಿತು. ನನ್ನ ಹೆಸರನ್ನು ಮತ್ತೆ ಸೇರಿಸಿ.’

ವಿಶ್ವಾಸ ಹೋದದ್ದು ಒಂದು ಸಭೆಯಲ್ಲಿ. ಬಂದದ್ದು ಹೀಗೆ, ಒಬ್ಬೊಬ್ಬರಾಗಿ. ಎಲ್ಲರೂ ಬರಲಿಲ್ಲ. ಎರಡು ವರ್ಷಕ್ಕೆ ನಡೆಯುವ ಮಷಿನ್‌ಗಳ ಸಂಖ್ಯೆ ಇನ್ನೂರ ಅರವತ್ತು ದಾಟಿತು, ಶಾಲೆಗೆ ಎರಡನೆಯ ಶಿಕ್ಷಕಿ ಬಂದಳು, ಆದರೆ ಮೊದಲಿದ್ದವಳು ಬೇರೆ ಊರಿಗೆ ಹೋಗಿಯಾಗಿತ್ತು. ಗುರುಪಾದಪ್ಪ ಸಂಜೆ ಮಾತ್ರ ಮಷಿನ್ ಹಾಕಿಕೊಳ್ಳುತ್ತಾರೆ. ಮಗ್ಗದ ಸಪ್ಪಳ ಕೇಳಾಕ ಇದೊಂದ ಯಾಕ ಬೇಕು ಎನ್ನುತ್ತಾರೆ. ಸಾವಂತ್ರೆವ್ವನ ಸೊಂಟ ಪೂರ್ತಿ ನೆಟ್ಟಗಾಗಲಿಲ್ಲ, ಕೋಲು ಹಿಡಿದು ನಡೆಯುತ್ತಾಳೆ. ಮೂರು ತಿಂಗಳ ವರದಿಯಲ್ಲಿ ಅದೂ ಒಂದು ಸಾಲು ಇದೆ.

ಕಥೆ ಇಷ್ಟೇ. ಊಟ ಆತು ಎಂದಾಗ ನೀವು ನಕ್ಕಿರಿ, ನಾನು ನೋಡಿದೆ. ಈಗ ನಾನು ಕೇಳುತ್ತೇನೆ. ಇದು ಪರದೇಶದ ಸಂಸ್ಥೆಯ ಕಥೆಯೇ? ನಮ್ಮ ಶಾಲೆಯ ಫ್ಯಾನಿನ ಮೂರೂ ರೆಕ್ಕೆಗೆ ನಿಮ್ಮ ತಂದೆಯ ಹೆಸರು ಬರೆಸಿದ್ದೀರಿ. ಅದು ತಿರುಗುತ್ತದೆಯೇ? ಹೆಸರು ಚೆನ್ನಾಗಿ ಓದಲು ಬರುತ್ತದೆ ಎಂದರೆ, ತಿರುಗುತ್ತಿಲ್ಲ ಎಂದು ಅರ್ಥ. ಮುಪ್ಪಾದ ಅತ್ತೆಗೆ ಮೊಬೈಲ್ ಕೊಡಿಸಿದ್ದೀರಿ. ಅದರಲ್ಲಿ ನಂಬರ್ ಒತ್ತಲು ಅವರಿಗೆ ಬರುತ್ತದೆಯೇ, ಅಥವಾ ಕೊಡಿಸಿದೆವಲ್ಲ ಎಂದು ನೀವು ಮನೆಗೆ ಹೋಗುವುದನ್ನೇ ಬಿಟ್ಟಿದ್ದೀರಾ? ಕೊಟ್ಟಿದ್ದೇವೆ ಎಂದು ನೀವು ಹೇಳಿಕೊಂಡು ತಿರುಗಿದರೆ, ಕೊಡಬೇಕಾಗಿದ್ದ ಇನ್ನೊಬ್ಬ ಸುಮ್ಮನಾಗುತ್ತಾನೆ. ಶಂಕ್ರವ್ವ ಸುಮ್ಮನಾದದ್ದು ಹಾಗೆಯೇ.

ನಾನು ನಿಮ್ಮನ್ನಷ್ಟೇ ಕೇಳಿ ಏಳುವುದಿಲ್ಲ. ಹೋದ ಶ್ರಾವಣದಲ್ಲಿ ಇದೇ ವೇದಿಕೆಯಿಂದ ಹನ್ನೆರಡು ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಕೊಟ್ಟೆವು. ಪತ್ರಿಕೆಯಲ್ಲಿ ಫೋಟೋ ಬಂತು, ನಡುವೆ ನಾನೇ ಇದ್ದೇನೆ. ಆಮೇಲೆ ಒಂದು ದಿನವೂ ನಾನು ಅವರ ಮನೆಗೆ ಹೋಗಿ ಕೇಳಿಲ್ಲ. ಪ್ರವಚನದಲ್ಲಿ ಮಾತ್ರ ಹನ್ನೆರಡು ಕುಟುಂಬ ತಮ್ಮ ಕಾಲ ಮೇಲೆ ನಿಂತವು ಎಂದು ಮೂರು ಸಲ ಹೇಳಿದ್ದೇನೆ. ಯಾರು ಹೇಳಿದರು ನನಗೆ? ಯಾರೂ ಹೇಳಿಲ್ಲ.

ನಾಳೆಯಿಂದ ನೀವು ಮಾಡಬೇಕಾದ್ದು ಇಷ್ಟು. ಕೊಟ್ಟ ಮನೆಗೆ ಬರಿಗೈಯಲ್ಲಿ ಹೋಗಿ, ಕ್ಯಾಮೆರಾ ಬಿಟ್ಟು ಹೋಗಿ. ಉಪಯೋಗ ಆಯಿತೇ ಎಂದು ಕೇಳಿ, ಆಗಲಿಲ್ಲ ಎನ್ನಲು ಅವರಿಗೆ ಸಮಯ ಕೊಡಿ. ಅವರು ಹೇಳಿದ್ದನ್ನು ದಾನಕ್ಕೆಂದು ನಿಮ್ಮ ಕೈಗೆ ದುಡ್ಡು ಕೊಟ್ಟವರಿಗೆ ಹಾಗೆಯೇ ತಲುಪಿಸಿ, ಮೊಮ್ಮಗಳನ್ನು ಸೇರಿಸದೆ.

ನಾಳೆ ಎಂದೆ, ಆದರೆ ನನ್ನದು ಇವತ್ತೇ ಆಗಲಿ. ಆ ಹನ್ನೆರಡು ಜನರಲ್ಲಿ ಯಾರಾದರೂ ಇಲ್ಲಿ ಕುಳಿತಿದ್ದರೆ ದಯವಿಟ್ಟು ಎದ್ದು ಹೇಳಿ. ಯಂತ್ರ ನಡೆಯುತ್ತಿಲ್ಲ ಎಂದರೆ ಇಲ್ಲ ಎನ್ನಿ, ಮಾರಿದ್ದೇವೆ ಎಂದರೆ ಮಾರಿದ್ದೇವೆ ಎನ್ನಿ. ಮಂಗಳಾರತಿ ತಡವಾಗಲಿ, ನಾನು ಕಾಯುತ್ತೇನೆ.

ಅಲ್ಲಿ ಕಂಬದ ಹತ್ತಿರ ಕೈ ಎತ್ತಿದಿರಲ್ಲ ತಾಯಿ, ಹೇಳಿ. ಮೈಕು ಅವರ ಕೈಗೆ ಕೊಡಿ.